ಮತ ಎಣಿಸುವ ಕ್ರಮ, ಮತ ಕೇಳುವ ಮಾತು

ಉತ್ತರ ಕನ್ನಡದ ಹಳ್ಳಿಯೊಂದರಲ್ಲಿ ವಾಸಿಸುವ, ಪದವೀಧರರ ಮತದಾರರ ಪಟ್ಟಿಗೂ ಹೆಸರು ಸೇರಿಸಿಕೊಂಡಿರುವ ವ್ಯಕ್ತಿಯೊಬ್ಬರು ಐದಾರು ವರ್ಷಗಳ ಅವಧಿಯಲ್ಲಿ ಮೂರು ಬಗೆಯ ಚುನಾವಣಾ ಪದ್ಧತಿಗಳಲ್ಲಿ ಮತ ಹಾಕುತ್ತಾರೆ. ಲೋಕಸಭೆ ಮತ್ತು ವಿಧಾನಸಭೆಗೆ ಮತಯಂತ್ರದ ಒಂದು ಗುಂಡಿ ಒತ್ತಿದರೆ ಮುಗಿಯಿತು. ಉಳಿದೆಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ. ವಾರ್ಡಿಗೆ ಎರಡೋ ಮೂರೋ ಸ್ಥಾನಗಳಿದ್ದರೆ ಮತದಾರರಿಗೂ ಅಷ್ಟೇ ಮತಗಳಿರುತ್ತವೆ. ವಿಧಾನ ಪರಿಷತ್ತಿನ ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರಕ್ಕೆ, ಅಂದರೆ ಧಾರವಾಡ, ಗದಗ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಸೇರಿದ ಕ್ಷೇತ್ರಕ್ಕೆ, ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಮತದಾರರು ಅವರೇ, ಊರು ಅದೇ, ಆ ಊರಿನ ಜಾತಿ, ಭಾಷೆ, ಧರ್ಮಗಳ ಹಂಚಿಕೆಯೂ ಅದೇ. ಆದರೂ ಈ ಮೂರು ಚುನಾವಣೆಗಳಲ್ಲಿ ಮನೆಯಂಗಳಕ್ಕೆ ಬಂದು ನಿಲ್ಲುವವರ ಮಾತು ಒಂದೇ ಆಗಿರುವುದಿಲ್ಲ.

ಚುನಾವಣೆ ಬಂದಾಗ ಜನರು ಜಾತಿ ನೋಡುತ್ತಾರೆ, ಆದ್ದರಿಂದ ಪಕ್ಷಗಳೂ ಜಾತಿ ನೋಡುತ್ತವೆ ಎಂಬ ವಿವರಣೆಯನ್ನು ನಾವು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ. ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಸಮಾಜದಲ್ಲಿ ಬಿರುಕುಗಳು ಇರುತ್ತವೆ ನಿಜ. ಆದರೆ ಯಾವ ಬಿರುಕಿಗೆ ಕೈ ಹಾಕಿದರೆ ಲಾಭ, ಯಾವುದನ್ನು ಮುಚ್ಚಿದರೆ ಲಾಭ ಎಂಬ ಲೆಕ್ಕವನ್ನು ಅಭ್ಯರ್ಥಿಯ ಮುಂದಿಡುವುದು ಮತ ಎಣಿಸುವ ನಿಯಮ. ಗೆಲ್ಲಲು ಯಾರ ಮತ ಬೇಕೇಬೇಕೋ ಅವರ ಕಿವಿಗೆ ಹಿತವಾಗುವ ಮಾತನ್ನೇ ಅಭ್ಯರ್ಥಿ ಆಡುತ್ತಾನೆ. ಯಾರ ಮತವಿಲ್ಲದೆಯೂ ಗೆಲುವು ಸಾಧ್ಯವೋ ಅವರ ಬಗ್ಗೆ ಏನು ಬೇಕಾದರೂ ಆಡುವ ಧೈರ್ಯ ಅವನಿಗೆ ಬರುತ್ತದೆ.

ನಮ್ಮ ಜಿಲ್ಲೆಯನ್ನೇ ನೋಡಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಸೀಮೆ. ಘಟ್ಟದ ಕೆಳಗೆ ಕಾರವಾರದಿಂದ ಭಟ್ಕಳದವರೆಗೆ ಮೀನುಗಾರಿಕೆ, ಗದ್ದೆ, ಬಂದರುಗಳ ಸೀಮೆ. ಪೂರ್ವದ ಹಳಿಯಾಳ, ಮುಂಡಗೋಡಗಳು ಬಯಲುಸೀಮೆಗೆ ಮುಖ ಮಾಡಿವೆ. ನಾಮಧಾರಿಗಳು, ಹವ್ಯಕರು, ಹಾಲಕ್ಕಿ ಒಕ್ಕಲಿಗರು, ಕೊಂಕಣಿ ಮಾತನಾಡುವ ಸಾರಸ್ವತರು, ಕೋಮಾರಪಂತರು, ಖಾರ್ವಿ, ಹರಿಕಂತ್ರ, ಅಂಬಿಗ ಸಮುದಾಯಗಳು, ಮರಾಠರು, ಭಟ್ಕಳದ ನವಾಯತರು, ಕ್ರೈಸ್ತರು, ದಲಿತರು, ಸಿದ್ದಿಗಳು, ಕುಣಬಿಗಳು, ಹೀಗೆ ಯಾವ ಒಂದು ಗುಂಪೂ ಏಕಾಂಗಿಯಾಗಿ ಇಡೀ ಜಿಲ್ಲೆಯನ್ನು ಗೆಲ್ಲಲಾರದಷ್ಟು ವೈವಿಧ್ಯ ಇಲ್ಲಿದೆ. ಮಹಾರಾಷ್ಟ್ರ ಕಾರವಾರದ ಮೇಲೆ ಹಕ್ಕು ಸಾಧಿಸಲು ಯತ್ನಿಸಿದ ಗಡಿವಿವಾದದ ನೆನಪೂ, 1993ರಲ್ಲಿ ಭಟ್ಕಳ ಕಂಡ ಕೋಮುಗಲಭೆಯ ಗಾಯವೂ ಈ ಜಿಲ್ಲೆಯದೇ. ಇಂಥ ನೆಲದಲ್ಲಿ ಚುನಾವಣೆಯ ನಿಯಮ ಪಕ್ಷಗಳಿಂದ ಏನನ್ನು ಮಾಡಿಸುತ್ತದೆ ಎಂಬುದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ನಮಗೆ ಹೆಚ್ಚು ಪರಿಚಿತವಾದ ಸರಳ ಬಹುಮತದ ಪದ್ಧತಿ. ಇದರಲ್ಲಿ ಗೆಲ್ಲಲು ಅರ್ಧದಷ್ಟು ಮತ ಬೇಕಿಲ್ಲ, ಎರಡನೇ ಸ್ಥಾನದವರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಒಂದು ಲಕ್ಷ ಮತ ಚಲಾವಣೆಯಾಗುವ ಕಾಲ್ಪನಿಕ ಕ್ಷೇತ್ರವೊಂದರಲ್ಲಿ ಐದು ಸಮುದಾಯಗಳು ಅನುಕ್ರಮವಾಗಿ 30, 25, 20, 15 ಮತ್ತು 10 ಸಾವಿರ ಮತಗಳನ್ನು ಹೊಂದಿವೆ ಎಂದುಕೊಳ್ಳೋಣ. ಮೂವರು ಗಟ್ಟಿ ಅಭ್ಯರ್ಥಿಗಳು ಕಣದಲ್ಲಿದ್ದರೆ 35 ಸಾವಿರದ ಆಸುಪಾಸಿನಲ್ಲಿ ಗೆಲುವು ಸಿಗಬಹುದು. ಆಗ ಅತಿ ದೊಡ್ಡ ಸಮುದಾಯದ ಬೆಂಬಲ ನೆಚ್ಚಿಕೊಂಡ ಅಭ್ಯರ್ಥಿಗೆ ಎರಡೇ ಕೆಲಸ: ತನ್ನವರ 30 ಸಾವಿರ ಚದುರದಂತೆ ನೋಡಿಕೊಳ್ಳುವುದು, ಉಳಿದ 70 ಸಾವಿರ ಒಂದೆಡೆ ಸೇರದಂತೆ ನೋಡಿಕೊಳ್ಳುವುದು. ಮೊದಲನೆಯದಕ್ಕೆ ‘ನಮ್ಮವರು’ ಎಂಬ ಮಾತು ಬೇಕು, ಅದಕ್ಕಿಂತಲೂ ಹೆಚ್ಚಾಗಿ ‘ಅವರು ಬಂದುಬಿಡುತ್ತಾರೆ’ ಎಂಬ ಭಯ ಬೇಕು. ಎರಡನೆಯದಕ್ಕೆ ಎದುರಾಳಿಯ ಜಾತಿಯಿಂದಲೇ ಒಬ್ಬ ಪಕ್ಷೇತರನನ್ನು ನಿಲ್ಲಿಸುವುದು, ಬಂಡಾಯ ಅಭ್ಯರ್ಥಿಗೆ ಗುಟ್ಟಾಗಿ ಬಲ ಕೊಡುವುದು, ಎದುರಾಳಿಯ ಹೆಸರನ್ನೇ ಹೋಲುವ ಹೆಸರಿನವರಿಂದ ನಾಮಪತ್ರ ಹಾಕಿಸುವುದು ಮುಂತಾದ, ನಾವೆಲ್ಲ ಬಲ್ಲ ಉಪಾಯಗಳಿವೆ.

ಅಂತರ ಕಡಿಮೆಯಾದಷ್ಟೂ ಈ ಉಪಾಯಗಳ ಬೆಲೆ ಏರುತ್ತದೆ. 2023ರಲ್ಲಿ ಕುಮಟಾ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು 676 ಮತಗಳಿಂದ. 2013ರ ಬಹುಕೋನ ಸ್ಪರ್ಧೆಯಲ್ಲಿ ಕಾರವಾರ, ಭಟ್ಕಳ ಎರಡೂ ಕ್ಷೇತ್ರಗಳಲ್ಲಿ ಪಕ್ಷೇತರರೇ ಗೆದ್ದರು. ಭಟ್ಕಳದ ಮುಸ್ಲಿಮರ ಸಂಘಟನೆಯಾದ ತಂಝೀಮ್ ಚುನಾವಣೆಗೆ ಮುನ್ನ ಸಭೆ ಸೇರಿ ಯಾರನ್ನು ಬೆಂಬಲಿಸಬೇಕೆಂದು ಪ್ರಕಟಿಸುವುದು ರಾಜ್ಯದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತದೆ. ಬೇರೆ ಸಮುದಾಯಗಳ ಸಂಘಗಳಲ್ಲೂ ಇಂಥ ಮಾತುಕತೆ ಸದ್ದಿಲ್ಲದೆ ನಡೆಯುತ್ತದೆ. ಇದನ್ನು ಯಾವುದೋ ಒಂದು ಸಮುದಾಯದ ಸ್ವಭಾವ ಎಂದು ಓದುವುದು ತಪ್ಪು. ಮತ ಚದುರಿದರೆ ಸೊನ್ನೆ, ಕೂಡಿದರೆ ನಿರ್ಣಾಯಕ ಎಂಬ ನಿಯಮವಿದ್ದಾಗ ಯಾವುದೇ ಸಣ್ಣ ಗುಂಪು ಮಾಡುವ ವಿವೇಕದ ಲೆಕ್ಕ ಅದು. ಎದುರು ಪಕ್ಷ ಆ ಲೆಕ್ಕವನ್ನೇ ತೋರಿಸಿ ತನ್ನವರನ್ನು ಒಗ್ಗೂಡಿಸುತ್ತದೆ. ಒಂದು ಕಡೆಯ ಒಗ್ಗಟ್ಟು ಇನ್ನೊಂದು ಕಡೆಯ ಒಗ್ಗಟ್ಟಿಗೆ ಕಾರಣವಾಗಿ, ಕೊನೆಗೆ ಮೀನುಗಾರಿಕಾ ಬಂದರಿನ ಹೂಳು, ಅರಣ್ಯ ಅತಿಕ್ರಮಣದ ಸಕ್ರಮ, ಜಿಲ್ಲೆಗೆ ಬೇಕಾದ ದೊಡ್ಡ ಆಸ್ಪತ್ರೆ ಇವೆಲ್ಲ ಪ್ರಣಾಳಿಕೆಯ ಕೊನೆಯ ಪುಟಕ್ಕೆ ಸರಿಯುತ್ತವೆ.

ಈ ಪದ್ಧತಿಯಲ್ಲಿ ಮತ ಎಷ್ಟು ಬಂತು ಎನ್ನುವಷ್ಟೇ, ಎಲ್ಲಿ ಬಂತು ಎಂಬುದೂ ಮುಖ್ಯ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇ. 38ರಷ್ಟು, ಬಿಜೆಪಿಗೆ ಶೇ. 36ರಷ್ಟು ಮತ ಬಂದಿದ್ದರೂ 104 ಸ್ಥಾನಗಳೊಂದಿಗೆ ಅತಿ ದೊಡ್ಡ ಪಕ್ಷವಾದದ್ದು ಬಿಜೆಪಿ. ಆದ್ದರಿಂದಲೇ ಪಕ್ಷಗಳು ಸೋಲು ಖಚಿತವಾದ ಕಡೆ ಹೆಸರಿಗಷ್ಟೇ ಓಡಾಡುತ್ತವೆ, ಗೆಲುವು ಖಚಿತವಾದ ಕಡೆಯೂ ಹೆಚ್ಚು ಬೆವರು ಹರಿಸುವುದಿಲ್ಲ. ಹಣ, ತಾರಾ ಪ್ರಚಾರಕರು, ದೊಡ್ಡ ಸಭೆಗಳು ಎಲ್ಲವೂ ಕೆಲವೇ ಕ್ಷೇತ್ರಗಳತ್ತ ಹರಿಯುತ್ತವೆ. ಒಂದೇ ಸಮುದಾಯ ಒತ್ತಾಗಿ ನೆಲೆಸಿದ ಬೂತ್‌ಗಳ ವಿಷಯದಲ್ಲೂ ಹೀಗೆಯೇ: ‘ಅಲ್ಲಿ ನಮಗೆ ಬೀಳುವುದಿಲ್ಲ’ ಎಂದು ಗುರುತು ಹಾಕಿದ ಬೂತ್‌ಗೆ ಕಾರ್ಯಕರ್ತರು ಕರಪತ್ರ ಕೊಡಲೂ ಹೋಗುವುದಿಲ್ಲ. ಐದು ವರ್ಷಗಳ ಕಾಲ ಒಂದು ಪಕ್ಷದ ಮುಖವನ್ನೇ ಕಾಣದ ಕೇರಿಗಳು ಹೀಗೆ ಹುಟ್ಟುತ್ತವೆ. ಸಮುದಾಯಗಳ ನಡುವಿನ ದೂರ ಹೆಚ್ಚಲು ಉಗ್ರ ಭಾಷಣ ಬೇಕೆಂದಿಲ್ಲ, ಯಾರೂ ಬಾರದಿರುವುದೂ ಸಾಕು.

ಇದರ ಅತಿ ಕಠೋರ ಪಾಠ ಸಿಕ್ಕಿದ್ದು ನೆರೆಯ ಶ್ರೀಲಂಕಾದಲ್ಲಿ. ಸ್ವಾತಂತ್ರ್ಯಾನಂತರ ಅಲ್ಲಿಯೂ ಸರಳ ಬಹುಮತದ ಪದ್ಧತಿ ಇತ್ತು. ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರವಿದ್ದ ಸಿಂಹಳೀಯರು ಬಹುತೇಕ ಕ್ಷೇತ್ರಗಳಲ್ಲಿ ಬಹುಸಂಖ್ಯಾತರಾಗಿದ್ದುದರಿಂದ, ತಮಿಳರ ಮತವಿಲ್ಲದೆಯೇ ಸರ್ಕಾರ ರಚಿಸುವ ದಾರಿ ಎರಡೂ ದೊಡ್ಡ ಪಕ್ಷಗಳಿಗೆ ತೆರೆದಿತ್ತು. 1956ರಲ್ಲಿ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆ ಅವರು ಸಿಂಹಳವೊಂದೇ ಆಡಳಿತ ಭಾಷೆ ಎಂಬ ಘೋಷಣೆಯೊಂದಿಗೆ ಕಣಕ್ಕಿಳಿದಾಗ, ಅದುವರೆಗೆ ಎರಡು ಭಾಷೆಗಳ ಮಾತನಾಡುತ್ತಿದ್ದ ಆಳುವ ಪಕ್ಷವೂ ಹಿಂದೆ ಬೀಳಬಾರದೆಂದು ಅದೇ ಘೋಷಣೆಯನ್ನು ಎತ್ತಿಕೊಂಡಿತು. ಒಬ್ಬರು ಒಂದು ಕೂಗಿದರೆ ಇನ್ನೊಬ್ಬರು ಅದಕ್ಕಿಂತ ಗಟ್ಟಿಯಾಗಿ ಕೂಗುವ ಈ ಹರಾಜಿನಲ್ಲಿ, ಮಧ್ಯಮ ಮಾರ್ಗದ ಮಾತಾಡಿದವರಿಗೆ ಚುನಾವಣೆಯಲ್ಲಿ ಕೊಡಲು ಏನೂ ಉಳಿಯಲಿಲ್ಲ. 1977ರ ಫಲಿತಾಂಶವಂತೂ ಪದ್ಧತಿಯ ವಿಚಿತ್ರವನ್ನು ಬಯಲಿಗಿಟ್ಟಿತು. ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದ ಯುನೈಟೆಡ್ ನ್ಯಾಷನಲ್ ಪಾರ್ಟಿಗೆ 168ರಲ್ಲಿ 140 ಸ್ಥಾನ ಬಂತು, ಶೇ. 30ರ ಹತ್ತಿರ ಮತ ಪಡೆದ ಶ್ರೀಲಂಕಾ ಫ್ರೀಡಂ ಪಾರ್ಟಿಗೆ ಸಿಕ್ಕಿದ್ದು 8; ಶೇ. 7ಕ್ಕಿಂತ ಕಡಿಮೆ ಮತ ಪಡೆದರೂ ಉತ್ತರ ಮತ್ತು ಪೂರ್ವದಲ್ಲಿ ಅವು ಒತ್ತಾಗಿದ್ದ ಕಾರಣ ತಮಿಳು ಯುನೈಟೆಡ್ ಲಿಬರೇಷನ್ ಫ್ರಂಟ್ 18 ಸ್ಥಾನ ಗೆದ್ದು ಪ್ರಮುಖ ವಿರೋಧ ಪಕ್ಷವಾಯಿತು. ಪ್ರತ್ಯೇಕ ರಾಜ್ಯದ ಬೇಡಿಕೆ ಹೊತ್ತ ಪಕ್ಷವೇ ಸಂಸತ್ತಿನಲ್ಲಿ ಸರ್ಕಾರದ ಎದುರು ಕುಳಿತಿತು.

ಹಾಗೆಂದು ಸರಳ ಬಹುಮತ ಎಲ್ಲೆಡೆ ಇದನ್ನೇ ಮಾಡುತ್ತದೆ ಎಂದರೆ ಅದೂ ತಪ್ಪಾದೀತು. ನಮ್ಮ ಲೋಕಸಭಾ ಕ್ಷೇತ್ರದ ಇತಿಹಾಸವೇ ಅದಕ್ಕೆ ಸಾಕ್ಷಿ. ಕ್ರೈಸ್ತರು ಸಣ್ಣ ಸಂಖ್ಯೆಯಲ್ಲಿರುವ ಈ ಸೀಮೆಯಿಂದ ಜೋಕಿಮ್ ಆಳ್ವ ಅವರು 1952, 1957 ಮತ್ತು 1962ರಲ್ಲಿ ಗೆದ್ದರು. ಅವರ ಸೊಸೆ ಮಾರ್ಗರೆಟ್ ಆಳ್ವ 1999ರಲ್ಲಿ ಗೆದ್ದರು. 1967ರಲ್ಲಿ ರೈತ ಹೋರಾಟ, ಶಾಲೆಗಳ ಸ್ಥಾಪನೆ ಮತ್ತು ಚುಟುಕಗಳಿಂದ ಜನರ ನಾಲಗೆಯ ಮೇಲಿದ್ದ ದಿನಕರ ದೇಸಾಯಿ ಅವರು ಯಾವ ಪಕ್ಷದ ಹಂಗೂ ಇಲ್ಲದೆ ಪಕ್ಷೇತರರಾಗಿ ಸಂಸತ್ತಿಗೆ ಹೋದರು. ಈಗಿನ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಸೇರಿವೆ. ಕಾರವಾರದ ಕೊಂಕಣಿ, ಖಾನಾಪುರದ ಮರಾಠಿ, ಕಿತ್ತೂರಿನ ಲಿಂಗಾಯತ ರೈತರು, ಶಿರಸಿಯ ಅಡಿಕೆ ಬೆಳೆಗಾರರು ಇವರೆಲ್ಲರನ್ನೂ ಒಂದೇ ಜಾತಿಯ ಲೆಕ್ಕದಿಂದ ತಲುಪಲು ಸಾಧ್ಯವಿಲ್ಲ. ಇಂಥಲ್ಲಿ ಅಭ್ಯರ್ಥಿಗೆ ಎರಡು ದಾರಿಗಳಿವೆ. ಜಾತಿಗಳನ್ನು ದಾಟುವ ಆಡಳಿತದ ವಿಷಯಗಳನ್ನು, ಅಂದರೆ ಅಡಿಕೆ ಧಾರಣೆ, ಅತಿಕ್ರಮಣ ಜಮೀನಿನ ಹಕ್ಕು, ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟವರ ಪರಿಹಾರ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮುಂತಾದವುಗಳನ್ನು ಹಿಡಿಯಬಹುದು. ಇಲ್ಲವೇ ಜಾತಿಗಳಿಗಿಂತ ದೊಡ್ಡದಾದ ಧರ್ಮದ ಗುರುತನ್ನು ಹಿಡಿದು, ಅದರೊಳಗೆ ಎಲ್ಲ ಜಾತಿಗಳನ್ನೂ ಕೂಡಿಸಬಹುದು. ಜಾತಿಯ ಬಿರುಕನ್ನು ಮುಚ್ಚುವ ಒತ್ತಡವೇ ಧರ್ಮದ ಬಿರುಕನ್ನು ಅಗಲ ಮಾಡುವ ಪ್ರಲೋಭನೆಯೂ ಆಗಬಲ್ಲದು. ಕರಾವಳಿಯ ಕಳೆದ ಮೂರು ದಶಕಗಳ ರಾಜಕಾರಣವನ್ನು ಅರ್ಥಮಾಡಿಕೊಳ್ಳಲು ಈ ಒಂದು ಅಂಶ ತುಂಬ ಮುಖ್ಯವೆಂದು ನನಗೆ ತೋರುತ್ತದೆ.

ಸಣ್ಣ ಸಮುದಾಯಗಳಿಗೆ ಪ್ರಾತಿನಿಧ್ಯ ಖಚಿತಪಡಿಸಲು ಸ್ಥಾನಗಳನ್ನು ಕಾದಿರಿಸುವುದು ಇನ್ನೊಂದು ಬಗೆ. ಇಲ್ಲಿ ಯಾರು ನಿಲ್ಲಬಹುದು ಎನ್ನುವುದಕ್ಕಿಂತ ಯಾರು ಮತ ಹಾಕಬಹುದು ಎಂಬುದೇ ಪ್ರಚಾರದ ಧಾಟಿಯನ್ನು ತೀರ್ಮಾನಿಸುತ್ತದೆ. 1909ರ ಮಾರ್ಲೆ–ಮಿಂಟೋ ಸುಧಾರಣೆ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು: ಅಭ್ಯರ್ಥಿಯೂ ಮತದಾರರೂ ಒಂದೇ ಸಮುದಾಯದವರು. ಅಂಥ ಕ್ಷೇತ್ರದ ಅಭ್ಯರ್ಥಿಗೆ ಬೇರೆಯವರ ಬಾಗಿಲು ತಟ್ಟುವ ಅಗತ್ಯವೇ ಇಲ್ಲ; ತನ್ನವರ ನಡುವೆ ತಾನೇ ಹೆಚ್ಚು ನಿಷ್ಠನೆಂದು ಸಾಧಿಸಿದರೆ ಸಾಕು. 1932ರಲ್ಲಿ ಬ್ರಿಟಿಷ್ ಸರ್ಕಾರದ ಕೋಮುವಾರು ತೀರ್ಪು ಅದನ್ನು ದಲಿತರಿಗೂ ವಿಸ್ತರಿಸಿದಾಗ ಗಾಂಧೀಜಿ ಯೆರವಾಡಾ ಜೈಲಿನಲ್ಲಿ ಉಪವಾಸ ಕುಳಿತರು. ಅದೇ ವರ್ಷ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ಕಾದಿರಿಸಿದ ಸ್ಥಾನಗಳು 71ರಿಂದ 148ಕ್ಕೆ ಏರಿದವು, ಆದರೆ ಮತ ಹಾಕುವವರು ಎಲ್ಲ ಜಾತಿಯವರೂ ಆದರು. ಆ ಒಪ್ಪಂದದಿಂದ ದಲಿತರಿಗೆ ಆದ ನಷ್ಟದ ಬಗ್ಗೆ ಅಂಬೇಡ್ಕರರು ಮುಂದೆ ಎತ್ತಿದ ಪ್ರಶ್ನೆ ಇಂದಿಗೂ ಗಟ್ಟಿಯಾಗಿ ನಿಂತಿದೆ: ಗೆಲುವು ಮೇಲ್ಜಾತಿಗಳ ಮತವನ್ನು ಅವಲಂಬಿಸಿದ್ದರೆ, ಗೆದ್ದವರು ತಮ್ಮ ಜನರ ಪರವಾಗಿ ಎಷ್ಟು ನಿಷ್ಠುರವಾಗಿ ಮಾತನಾಡಿಯಾರು?

ಈ ಪ್ರಶ್ನೆಯ ಎರಡೂ ಮುಖಗಳನ್ನು ಶಿರಸಿ ಹತ್ತಿರದಿಂದ ಕಂಡಿದೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಮರುವಿಂಗಡಣೆಗೆ ಮೊದಲು ಶಿರಸಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವಾಗಿತ್ತು. ಕಣದಲ್ಲಿದ್ದವರೆಲ್ಲ ದಲಿತರು, ಮತದಾರರಲ್ಲಿ ಹವ್ಯಕರು, ನಾಮಧಾರಿಗಳು ಮತ್ತಿತರರ ಸಂಖ್ಯೆಯೇ ದೊಡ್ಡದು. ಅಭ್ಯರ್ಥಿಗಳೆಲ್ಲ ಒಂದೇ ವರ್ಗದವರಾದಾಗ ‘ನಮ್ಮ ಜಾತಿಯವನು’ ಎಂಬ ಮಾತಿಗೆ ಕಣದಲ್ಲಿ ಜಾಗವೇ ಇರುವುದಿಲ್ಲ. ಪಕ್ಷ, ನಾಯಕರು, ವ್ಯಕ್ತಿಯ ನಡತೆ, ಮಾಡಿದ ಕೆಲಸ ಇವು ಮುಂದೆ ಬರುತ್ತವೆ. ಅದೇ ಹೊತ್ತಿಗೆ, ಎಲ್ಲರನ್ನೂ ಒಪ್ಪಿಸಬೇಕಾದ ದಲಿತ ಅಭ್ಯರ್ಥಿ ದಲಿತ ಕೇರಿಯ ಅತ್ಯಂತ ಕಹಿಯಾದ ಪ್ರಶ್ನೆಯನ್ನು ವೇದಿಕೆಯ ಮೇಲೆ ಎತ್ತುವುದು ಕಷ್ಟವಾಗುತ್ತದೆ. ಇಂದು ಜಿಲ್ಲೆಯ ಆರೂ ವಿಧಾನಸಭಾ ಕ್ಷೇತ್ರಗಳು ಸಾಮಾನ್ಯ ಕ್ಷೇತ್ರಗಳಾಗಿವೆ. ಆ ಕಹಿ ಪ್ರಶ್ನೆ ಎತ್ತುವವರು ಟಿಕೆಟ್ ಹಂತದಲ್ಲೇ ವಿರಳ.

ಸ್ಥಾನ ಒಂದು ಸಮುದಾಯಕ್ಕೆ ಮೀಸಲಾದರೂ ಎಲ್ಲರೂ ಮತ ಹಾಕುವ ಈ ಜಂಟಿ ಮತದಾನವನ್ನು ಲೆಬನಾನ್ ಇನ್ನೂ ದೂರ ಒಯ್ದಿತ್ತು. ಅಲ್ಲಿನ ಸಂಸತ್ತಿನ ಸ್ಥಾನಗಳು ಪಂಥವಾರು ಹಂಚಿಕೆಯಾಗಿವೆ. ಅಂತರ್ಯುದ್ಧಕ್ಕೆ ಕೊನೆ ಹಾಡಿದ 1989ರ ತಾಯಿಫ್ ಒಪ್ಪಂದದ ನಂತರ ಕ್ರೈಸ್ತರಿಗೂ ಮುಸ್ಲಿಮರಿಗೂ ಸಮಪಾಲು, ಒಟ್ಟು ಸ್ಥಾನ 128. ಬಹುಕಾಲ ಪ್ರತಿ ಮತದಾರನೂ ತನ್ನ ಕ್ಷೇತ್ರದ ಎಲ್ಲ ಪಂಥಗಳ ಸ್ಥಾನಗಳಿಗೂ ಮತ ಹಾಕುತ್ತಿದ್ದನಾದ್ದರಿಂದ ಮರೋನೈಟ್ ಕ್ರೈಸ್ತ ಅಭ್ಯರ್ಥಿಗೆ ಸುನ್ನಿ, ದ್ರೂಜ್ ಮತಗಳೂ ಬೇಕಾಗಿದ್ದವು. ಮಿಶ್ರ ಪಟ್ಟಿಗಳನ್ನು ಕಟ್ಟುವುದು ಅನಿವಾರ್ಯವಾಗಿತ್ತು. 2017ರ ಕಾನೂನು ಪಟ್ಟಿಗಳ ನಡುವೆ ಸ್ಥಾನ ಹಂಚಿಕೆಯನ್ನು ಮತಪ್ರಮಾಣಕ್ಕೆ ತಕ್ಕಂತೆ ಮಾಡಿತು, ಜೊತೆಗೆ ಪಟ್ಟಿಯೊಳಗೆ ಒಬ್ಬ ಅಭ್ಯರ್ಥಿಗೆ ಮಾತ್ರ ವಿಶೇಷ ಪ್ರಾಶಸ್ತ್ಯ ಕೊಡುವ ಅವಕಾಶ ನೀಡಿತು. ಮೊದಲ ಬದಲಾವಣೆ ನ್ಯಾಯವಾದದ್ದೇ. ಎರಡನೆಯದು, ಒಂದೇ ಪಟ್ಟಿಯ ಜೊತೆಗಾರರನ್ನೂ ಪೈಪೋಟಿಗೆ ಇಳಿಸಿ, ಆ ಒಂದು ಪ್ರಾಶಸ್ತ್ಯಕ್ಕಾಗಿ ತಂತಮ್ಮ ಪಂಥದವರ ಬಳಿಗೇ ಓಡುವಂತೆ ಮಾಡಿತು. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದ ಮೂವರು ಸದಸ್ಯರ ಅಧ್ಯಕ್ಷ ಮಂಡಳಿಯನ್ನು ಬೋಸ್ನಿಯಾಕ್ (ಅಂದರೆ ಬೋಸ್ನಿಯಾದ ಮುಸ್ಲಿಮರು), ಕ್ರೋಟ್, ಸರ್ಬ್ ಎಂದು ಹಂಚಿಕೊಟ್ಟಿತು. ಬೋಸ್ನಿಯಾಕರೂ ಕ್ರೋಟರೂ ಒಂದೇ ಪ್ರದೇಶದ ಮತದಾರರಾಗಿರುವುದರಿಂದ, ಕ್ರೋಟ್ ಸ್ಥಾನಕ್ಕೆ ಝೆಲ್ಕೊ ಕೊಮ್ಶಿಚ್ ಅವರು ಬಹುಪಾಲು ಬೋಸ್ನಿಯಾಕ್ ಮತಗಳಿಂದ ಮತ್ತೆ ಮತ್ತೆ ಆಯ್ಕೆಯಾದರು. ಅವರು ಪಂಥಗಳನ್ನು ದಾಟಿದ ನಾಯಕನೋ, ಕ್ರೋಟರ ಸ್ಥಾನವನ್ನು ಕಸಿದವರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅಂಬೇಡ್ಕರರ ಪ್ರಶ್ನೆಯೇ ಅಲ್ಲಿ ಬೇರೆ ಭಾಷೆಯಲ್ಲಿ ಎದ್ದು ನಿಂತಿದೆ.

ಈಗ ಪ್ರಾಶಸ್ತ್ಯ ಮತದತ್ತ ಬರೋಣ. ಇದು ನಮ್ಮ ಪದವೀಧರರಿಗೂ ಶಿಕ್ಷಕರಿಗೂ ಗೊತ್ತಿರುವ, ಉಳಿದವರಿಗೆ ಬಹುಮಟ್ಟಿಗೆ ಗೊತ್ತಿಲ್ಲದ ಪದ್ಧತಿ. ಪರಿಷತ್ ಚುನಾವಣೆಯ ಮತಪತ್ರದಲ್ಲಿ ಚಿಹ್ನೆಗಳಿಲ್ಲ. ಮತಗಟ್ಟೆಯ ಅಧಿಕಾರಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಂಕಿ ಬರೆಯಬೇಕು. ‘1’ ಎಂದು ಬರೆಯುವ ಬದಲು ಸರಿ ಗುರುತು ಹಾಕಿದರೂ, ಇಬ್ಬರ ಮುಂದೆ ‘1’ ಬರೆದರೂ ಮತ ಕುಲಗೆಡುತ್ತದೆ. ಎಣಿಕೆಯಲ್ಲಿ ಸಿಂಧುವಾದ ಮತಗಳ ಅರ್ಧಕ್ಕೆ ಒಂದು ಸೇರಿಸಿ ಬರುವ ಸಂಖ್ಯೆಯೇ ಗೆಲುವಿನ ಕೋಟಾ. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅಲ್ಲಿಗೆ ಮುಟ್ಟದಿದ್ದರೆ ಕೊನೆಯ ಸ್ಥಾನದವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಯಾರಾದರೂ ಕೋಟಾ ತಲುಪುವವರೆಗೆ ಅಥವಾ ಕಣದಲ್ಲಿ ಒಬ್ಬರೇ ಉಳಿಯುವವರೆಗೆ ಇದು ಮುಂದುವರಿಯುತ್ತದೆ. ಈ ನಿಯಮದಡಿ ನನ್ನ ಕಾಲ್ಪನಿಕ ಕ್ಷೇತ್ರದಲ್ಲಿ 30 ಸಾವಿರ ಮತಗಳ ಕೋಟೆ ಕಟ್ಟಿಕೊಂಡು ಕುಳಿತರೆ ಗೆಲುವಿಲ್ಲ, 50,001 ಬೇಕು. ಎದುರಾಳಿಯ ಬೆಂಬಲಿಗರ ಮನೆಗೂ ಹೋಗಿ ‘ಒಂದನೆಯದು ನಿಮ್ಮವರಿಗೇ ಕೊಡಿ, ಎರಡನೆಯದಾದರೂ ನನಗಿರಲಿ’ ಎಂದು ಕೈಮುಗಿಯಬೇಕಾಗುತ್ತದೆ. ನಿನ್ನೆ ಬೈದವರ ಬಳಿ ಇಂದು ಎರಡನೆಯ ಪ್ರಾಶಸ್ತ್ಯ ಕೇಳಲಾಗದು ಎಂಬ ಒಂದೇ ಕಾರಣಕ್ಕೆ ನಾಲಗೆ ಹಿಡಿತಕ್ಕೆ ಬರುತ್ತದೆ.

ಪಪುವಾ ನ್ಯೂ ಗಿನಿಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ನೂರಾರು ಭಾಷೆಗಳ, ಕುಲಗಳ ಆ ದೇಶದಲ್ಲಿ 1975ರ ಸ್ವಾತಂತ್ರ್ಯಕ್ಕೆ ಮೊದಲಿನ ಮೂರು ಚುನಾವಣೆಗಳು ಪ್ರಾಶಸ್ತ್ಯ ಮತದ ಮೇಲೆ ನಡೆದಿದ್ದವು. ಒಂದು ಕುಲದ ಅಭ್ಯರ್ಥಿ ಇನ್ನೊಂದು ಕುಲದ ಊರಿಗೆ ಹೋಗಿ ಎರಡನೆಯ ಮತ ಕೇಳುವುದಿತ್ತು. ಸರಳ ಬಹುಮತಕ್ಕೆ ಬದಲಾದ ಮೇಲೆ ಪ್ರತಿ ಕುಲವೂ ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿತು, ಹತ್ತಾರು ಮಂದಿ ಕಣದಲ್ಲಿದ್ದು ಶೇ. 20ಕ್ಕೂ ಕಡಿಮೆ ಮತ ಪಡೆದವರು ಗೆಲ್ಲತೊಡಗಿದರು, ಬೇರೆಯವರ ಊರಿಗೆ ಪ್ರಚಾರಕ್ಕೆ ಹೋಗುವುದೇ ಅಪಾಯವಾಯಿತು. 2002ರ ಹಿಂಸಾತ್ಮಕ ಚುನಾವಣೆಯ ಬಳಿಕ ಮೂರು ಪ್ರಾಶಸ್ತ್ಯಗಳ ಪದ್ಧತಿ ಜಾರಿಗೆ ಬಂತು. ಹಿಂಸೆಯೂ ಹಣದ ಹೊಳೆಯೂ ನಿಂತಿಲ್ಲವಾದರೂ, ಅಭ್ಯರ್ಥಿಗಳು ಮತ್ತೆ ಪರರ ಊರುಗಳಿಗೆ ಕಾಲಿಡುವಂತಾಯಿತು.

ಉತ್ತರ ಐರ್ಲೆಂಡ್ ಇನ್ನೂ ಅಮೂಲ್ಯ ಉದಾಹರಣೆ, ಏಕೆಂದರೆ ಅಲ್ಲಿ ಅದೇ ಜನರು ಇಂದಿಗೂ ಎರಡು ಪದ್ಧತಿಗಳಲ್ಲಿ ಮತ ಹಾಕುತ್ತಾರೆ. ಬ್ರಿಟಿಷ್ ಸಂಸತ್ತಿಗೆ ಸರಳ ಬಹುಮತ, 1998ರ ಶಾಂತಿ ಒಪ್ಪಂದದಿಂದ ಹುಟ್ಟಿದ ಅಲ್ಲಿನ ಶಾಸನಸಭೆಗೆ ಬಹುಸದಸ್ಯ ಕ್ಷೇತ್ರಗಳಲ್ಲಿ ಪ್ರಾಶಸ್ತ್ಯ ಮತ. 2010ರ ಸಂಸತ್ ಚುನಾವಣೆಯಲ್ಲಿ ಫರ್ಮನಾ ಮತ್ತು ಸೌತ್ ಟೈರೋನ್ ಕ್ಷೇತ್ರದಲ್ಲಿ ಬ್ರಿಟನ್‌ನೊಂದಿಗೆ ಉಳಿಯಬೇಕೆನ್ನುವ ಯೂನಿಯನಿಸ್ಟ್ ಪಕ್ಷಗಳು ತಮ್ಮ ಜಗಳ ಮರೆತು ಒಬ್ಬನೇ ಅಭ್ಯರ್ಥಿಯನ್ನು ಬೆಂಬಲಿಸಿದವು. ಐರ್ಲೆಂಡ್‌ನೊಂದಿಗೆ ಒಂದಾಗಬೇಕೆನ್ನುವ ಎದುರು ಕಡೆಯ ಬಹುಪಾಲು ಮತದಾರರು ಶಿನ್ ಫೇನ್ ಪಕ್ಷದ ಮಿಷೆಲ್ ಗಿಲ್ಡರ್ನ್ಯೂ ಅವರ ಹಿಂದೆ ನೆರೆದರು. ಅವರು ಗೆದ್ದದ್ದು ಬರಿಯ 4 ಮತಗಳಿಂದ. ಅಂಥ ಹೋರಾಟದಲ್ಲಿ ‘ನಮ್ಮ ಪಾಳಯ ಒಡೆಯಬೇಡಿ’ ಎಂಬುದಕ್ಕಿಂತ ಬೇರೆ ಪ್ರಚಾರ ಸಾಧ್ಯವೇ ಇಲ್ಲ. ಶಾಸನಸಭೆಯ ಚುನಾವಣೆಯಲ್ಲಾದರೋ ಒಂದೇ ಪಾಳಯದ ಎರಡು ಮೂರು ಪಕ್ಷಗಳು ಮತ ಒಡೆಯುವ ಭಯವಿಲ್ಲದೆ ಸ್ಪರ್ಧಿಸುತ್ತವೆ, ಎರಡೂ ಕಡೆಗೆ ಸೇರದ ಅಲಯನ್ಸ್ ಪಕ್ಷಕ್ಕೆ ಎರಡೂ ಕಡೆಯ ಕೆಳಗಿನ ಪ್ರಾಶಸ್ತ್ಯಗಳು ಹರಿದುಬರುತ್ತವೆ. ಹಾಗೆಂದು ತೀವ್ರವಾದಿ ಪಕ್ಷಗಳು ಸೊರಗಲಿಲ್ಲ. 2003ರಲ್ಲಿ ಎರಡೂ ಪಾಳಯಗಳಲ್ಲಿ ಹೆಚ್ಚು ಕಠಿಣ ನಿಲುವಿನವೇ ಮುಂದೆ ಬಂದವು. ಆದರೆ ಮುಂದೆ ಬರುವ ದಾರಿಯಲ್ಲಿ, ತಮ್ಮದೇ ಪಾಳಯದ ಮಧ್ಯಮರ ಎರಡನೆಯ ಮತ ಪಡೆಯಲು ಅವು ತಮ್ಮ ಮಾತನ್ನು ಹದಗೊಳಿಸಿಕೊಳ್ಳಬೇಕಾಯಿತು.

ಫಿಜಿಯ ಅನುಭವ ಎಚ್ಚರಿಕೆಯದು. 1997ರ ಸಂವಿಧಾನ ಅಲ್ಲಿ ಮೂಲನಿವಾಸಿ ಫಿಜಿಯನ್ನರು ಮತ್ತು ಭಾರತೀಯ ಮೂಲದವರನ್ನು ಹತ್ತಿರ ತರಲೆಂದೇ ಪ್ರಾಶಸ್ತ್ಯ ಮತವನ್ನು ತಂದಿತು. ಆದರೆ 71ರಲ್ಲಿ 46 ಸ್ಥಾನಗಳು ಜನಾಂಗವಾರು ಕ್ಷೇತ್ರಗಳಾಗಿಯೇ ಉಳಿದವು. ಅಲ್ಲದೆ, ಮತದಾರರು ಒಂದು ಪಕ್ಷಕ್ಕೆ ಗುರುತು ಹಾಕಿದರೆ ಉಳಿದ ಪ್ರಾಶಸ್ತ್ಯಗಳನ್ನು ಆ ಪಕ್ಷವೇ ನಿರ್ಧರಿಸುವ ಅನುಕೂಲವನ್ನು ಮತಪತ್ರ ಕೊಟ್ಟಿತ್ತು; ಬಹುತೇಕರು ಅದನ್ನೇ ಬಳಸಿದರು. ಎರಡನೆಯ ಮತ ಮತದಾರನ ಮನೆಯಂಗಳದಲ್ಲಿ ಕೇಳುವ ವಸ್ತುವಾಗದೆ, ಪಕ್ಷದ ಮುಖಂಡರು ಕೋಣೆಯೊಳಗೆ ಕೊಡುಕೊಳ್ಳುವ ಸರಕಾಯಿತು. 1999ರಲ್ಲಿ ಭಾರತೀಯ ಮೂಲದ ಮಹೇಂದ್ರ ಚೌಧರಿ ಪ್ರಧಾನಿಯಾದರು. 2000ದ ಮೇ ತಿಂಗಳಲ್ಲಿ ಬಂದೂಕುಧಾರಿಗಳು ಸಂಸತ್ತಿಗೆ ನುಗ್ಗಿ ಅವರನ್ನು ಒತ್ತೆಯಾಗಿ ಹಿಡಿದರು. ಪ್ರಾಶಸ್ತ್ಯ ಮತ ಕೆಲಸ ಮಾಡಬೇಕಾದರೆ ಕ್ಷೇತ್ರ ಮಿಶ್ರವಾಗಿರಬೇಕು, ಅಂಕಿ ಬರೆಯುವ ಕೈ ಮತದಾರನದೇ ಆಗಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ನಮ್ಮ ಪಶ್ಚಿಮ ಪದವೀಧರ ಕ್ಷೇತ್ರದಲ್ಲೂ ‘ಒಂದನೇ ಪ್ರಾಶಸ್ತ್ಯ ಕೊಟ್ಟು ಬಿಟ್ಟುಬಿಡಿ, ಬೇರೆ ಯಾರಿಗೂ ಏನೂ ಬರೆಯಬೇಡಿ’ ಎಂದು ಕೇಳುವ ಕಾರ್ಯಕರ್ತರಿದ್ದಾರೆ. ಮತದಾರರು ಅದಕ್ಕೆ ತಲೆದೂಗಿದ ಗಳಿಗೆಯಲ್ಲಿ ಪದ್ಧತಿ ಕೊಟ್ಟ ಅಧಿಕಾರದ ಬಹುಪಾಲನ್ನು ಹಿಂದಿರುಗಿಸಿದಂತೆ.

ಶ್ರೀಲಂಕಾ 1978ರ ಸಂವಿಧಾನದಲ್ಲಿ ಸಂಸತ್ತಿಗೆ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನೂ (ಅಂದರೆ ಪಕ್ಷ ಪಡೆದ ಮತಪ್ರಮಾಣಕ್ಕೆ ತಕ್ಕಷ್ಟು ಸ್ಥಾನ), ಅಧ್ಯಕ್ಷರ ಆಯ್ಕೆಗೆ ಮೂರು ಪ್ರಾಶಸ್ತ್ಯಗಳ ಮತವನ್ನೂ ತಂದಿತು. ಅಧ್ಯಕ್ಷರಾಗಲು ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಾದಾಗ ಅಲ್ಪಸಂಖ್ಯಾತರ ಮತಕ್ಕೆ ಬೆಲೆ ಬಂತು; 2015ರಲ್ಲಿ ಮೈತ್ರಿಪಾಲ ಸಿರಿಸೇನ ಅವರ ಗೆಲುವಿನಲ್ಲಿ ತಮಿಳು, ಮುಸ್ಲಿಂ ಮತಗಳು ನಿರ್ಣಾಯಕವಾದವು. ಆದರೆ 2019ರಲ್ಲಿ ಗೋಟಬಯ ರಾಜಪಕ್ಸ ಬಹುಪಾಲು ಸಿಂಹಳೀಯರ ಮತಗಳಿಂದಲೇ ಶೇ. 52 ದಾಟಿದರು. ಮುಕ್ಕಾಲು ಪಾಲು ಒಂದೇ ಜನಾಂಗದ ದೇಶದಲ್ಲಿ ಅರ್ಧದ ಗಡಿ ಅಷ್ಟೇನೂ ಎತ್ತರವಲ್ಲ. 2024ರಲ್ಲಿ ಅನುರ ಕುಮಾರ ದಿಸ್ಸನಾಯಕೆ ಅವರ ಆಯ್ಕೆಗೆ ಮೊಟ್ಟಮೊದಲ ಬಾರಿಗೆ ಎರಡನೆಯ ಸುತ್ತಿನ ಪ್ರಾಶಸ್ತ್ಯ ಎಣಿಕೆ ಬೇಕಾಯಿತು. ನೈಜೀರಿಯಾ ಬೇರೆ ಉಪಾಯ ಹುಡುಕಿತು: 1979ರಿಂದ ಅಲ್ಲಿನ ಅಧ್ಯಕ್ಷ ಒಟ್ಟು ಮತಗಳಲ್ಲಿ ಮುಂದಿದ್ದರೆ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕನಿಷ್ಠ ಕಾಲುಭಾಗ ಮತವನ್ನೂ ಪಡೆದಿರಬೇಕು. ಉತ್ತರದ ಮುಸ್ಲಿಂ ನಾಯಕ ದಕ್ಷಿಣದ ಕ್ರೈಸ್ತರ ರಾಜ್ಯಗಳಿಗೆ ಹೋಗದೆ ಗತಿಯಿಲ್ಲ.

ಪದ್ಧತಿ ಬದಲಿಸದೆ, ಕಾನೂನಿನಿಂದ ಪ್ರಚಾರದ ಬಾಯಿ ಕಟ್ಟಬಹುದಲ್ಲವೇ ಎಂದು ಕೇಳುವವರಿದ್ದಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ನಡೆ ಎನ್ನುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಕೇಳಿದರೂ ಅದು ಅನ್ವಯಿಸುತ್ತದೆಂದು ಹೇಳಿತು. ಕಾನೂನು ಬೇಕು. ಆದರೆ ವೇದಿಕೆಯ ಮೇಲೆ ಆಡಲಾಗದ ಮಾತು ಮಠದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆಯುತ್ತದೆ. ಲಾಭದ ಲೆಕ್ಕ ಹಾಗೆಯೇ ಇರುವಾಗ ನಿಷೇಧ ಆ ಮಾತಿನ ಜಾಗವನ್ನಷ್ಟೇ ಬದಲಿಸುತ್ತದೆ.

ಗ್ರಾಮ ಪಂಚಾಯಿತಿಯ ಅನುಭವ ನನಗೆ ಇದಕ್ಕಿಂತ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಮೂರು ಸ್ಥಾನಗಳ ವಾರ್ಡಿನಲ್ಲಿ ಒಂದು ಸಾಮಾನ್ಯ, ಒಂದು ಹಿಂದುಳಿದ ವರ್ಗದ ಮಹಿಳೆಗೆ, ಒಂದು ಪರಿಶಿಷ್ಟ ಜಾತಿಗೆ ಮೀಸಲು ಎಂದಿಟ್ಟುಕೊಳ್ಳಿ. ಮತದಾರರ ಕೈಯಲ್ಲಿ ಮೂರು ಮತಗಳಿವೆ. ಹವ್ಯಕರ ಮನೆಯ ಅಭ್ಯರ್ಥಿ, ನಾಮಧಾರಿ ಮಹಿಳೆ, ದಲಿತ ಯುವಕ ಮೂವರೂ ಒಟ್ಟಾಗಿ ಮನೆ ಮನೆ ತಿರುಗಿದರೆ ಒಬ್ಬರ ಕೇರಿಯ ಮತ ಇನ್ನೊಬ್ಬರಿಗೂ ಸಿಗುತ್ತದೆ; ಬೇರೆ ಬೇರೆಯಾಗಿ ಹೋದರೆ ಮೂವರಿಗೂ ನಷ್ಟ. ಪಕ್ಷಗಳು ತೆರೆಮರೆಯಲ್ಲಿ ಇರುತ್ತವೆ, ಹಣವೂ ಓಡಾಡುತ್ತದೆ, ಗೆದ್ದ ಮೇಲೆ ಅಧ್ಯಕ್ಷಗಿರಿಗಾಗಿ ಕಿತ್ತಾಟವೂ ಆಗುತ್ತದೆ. ಆದರೂ ಕೇರಿಯಿಂದ ಕೇರಿಗೆ ಒಟ್ಟಿಗೆ ನಡೆಯುವ ಆ ಹತ್ತು ದಿನಗಳನ್ನು ವಿಧಾನಸಭೆಯ ಪ್ರಚಾರದಲ್ಲಿ ಕಾಣುವುದು ಅಪರೂಪ. ಜನರ ಗುಣ ಎರಡು ವರ್ಷಗಳ ಅಂತರದಲ್ಲಿ ಬದಲಾಗಿರುವುದಿಲ್ಲ, ಮತಪತ್ರ ಬದಲಾಗಿರುತ್ತದೆ.

ದೇಶದ ಮಟ್ಟದಲ್ಲಿ ಸರಳ ಬಹುಮತವನ್ನು ಬಿಟ್ಟು ಬೇರೆ ಪದ್ಧತಿಗೆ ಹೋಗುವ ಇರಾದೆ ಯಾವ ದೊಡ್ಡ ಪಕ್ಷದಲ್ಲೂ ಕಾಣುವುದಿಲ್ಲ. ಈಗಿನ ನಿಯಮದಲ್ಲಿ ಗೆದ್ದವರೇ ಅದನ್ನು ಬದಲಿಸಬೇಕಲ್ಲ. ಆದರೆ ನಿಯಮದಷ್ಟೇ ಪರಿಣಾಮ ಬೀರುವ ಇನ್ನೊಂದು ಸಂಗತಿ, ಕ್ಷೇತ್ರದ ಗಡಿ, ಬದಲಾಗಲಿದೆ. ಸಂವಿಧಾನದ 2001ರ 84ನೇ ತಿದ್ದುಪಡಿಯ ಪ್ರಕಾರ 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿದ್ದ ಸ್ಥಾನಗಳ ಮರುಹಂಚಿಕೆ ಆ ಜನಗಣತಿಯೊಂದಿಗೆ ಮತ್ತೆ ಚರ್ಚೆಗೆ ಬರುತ್ತದೆ. ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಕೊಡುವ 2023ರ 106ನೇ ತಿದ್ದುಪಡಿಯೂ ಮರುವಿಂಗಡಣೆಗೆ ತಳಕು ಹಾಕಿಕೊಂಡಿದೆ. ಹಿಂದಿನ ಮರುವಿಂಗಡಣೆ ಅಂಕೋಲಾ ಎಂಬ ಕ್ಷೇತ್ರವನ್ನೇ ಅಳಿಸಿ ಆ ತಾಲೂಕನ್ನು ಕಾರವಾರಕ್ಕೆ ಸೇರಿಸಿತು, ಹೊನ್ನಾವರ ತಾಲೂಕನ್ನು ಕುಮಟಾ ಮತ್ತು ಭಟ್ಕಳಗಳ ನಡುವೆ ಹಂಚಿತು, ಶಿರಸಿ ತಾಲೂಕಿನ ಬನವಾಸಿ ಭಾಗವನ್ನು ಯಲ್ಲಾಪುರಕ್ಕೆ ಕೊಟ್ಟಿತು. ಹೊನ್ನಾವರದ ಯಾವ ಗ್ರಾಮಗಳು ಭಟ್ಕಳದ ಜೊತೆ ಇರುತ್ತವೆ ಎಂಬುದರ ಮೇಲೆ ಭಟ್ಕಳದ ಅಭ್ಯರ್ಥಿ ಎಷ್ಟು ಬಗೆಯ ಜನರನ್ನು ಒಲಿಸಬೇಕೆಂಬುದು ನಿಂತಿದೆ. ಕಳೆದ ಬಾರಿ ಆಯೋಗ ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಕರೆದು, ಸಾರ್ವಜನಿಕ ಸಭೆಗಳನ್ನು ನಡೆಸಿತ್ತು. ಮುಂದಿನ ಬಾರಿ ಅಂಥ ಸಭೆ ಕರೆದಾಗ ಪಕ್ಷಗಳ ಪ್ರತಿನಿಧಿಗಳು ತಮ್ಮ ಬೂತ್‌ಗಳ ಲೆಕ್ಕ ಹಿಡಿದು ಖಂಡಿತ ಹಾಜರಿರುತ್ತಾರೆ. ಮೀನುಗಾರರ ಸಹಕಾರಿ ಸಂಘ, ಅಡಿಕೆ ಬೆಳೆಗಾರರ ಸೊಸೈಟಿ, ಅತಿಕ್ರಮಣದಾರರ ಹೋರಾಟ ಸಮಿತಿ, ಮಹಿಳಾ ಸ್ವಸಹಾಯ ಸಂಘಗಳೂ ಭೂಪಟ ಹಿಡಿದು ಹೋಗಿ, ನಮ್ಮ ತಾಲೂಕುಗಳನ್ನು ಯಾರ ಜೊತೆ ಸೇರಿಸಬೇಕು, ಏಕೆ ಸೇರಿಸಬೇಕು ಎಂದು ಲಿಖಿತವಾಗಿ ಕೊಡಬೇಕಿದೆ.